ಮನೆಯ ಕ್ರಮವೂ ರೋಗಿಯ ಆರೈಕೆಯೂ: ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರ ಚರಿತ್ರೆ

ಕೈಯಲ್ಲಿ ದೀಪವನ್ನು ಹಿಡಿದು, ಗಾಯಗೊಂಡ ಸಿಪಾಯಿಗಳ ಹಾಸಿಗೆಗಳ ನಡುವೆ ರಾತ್ರಿಯಲ್ಲಿ ನಡೆಯುವ ಒಬ್ಬ ಸ್ತ್ರೀಯ ಚಿತ್ರವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಆಕೆಯೇ ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರು. ದೀಪದ ಸಂಗತಿಯು ನಿಜವೇ. ಆದರೂ ನಾವು ಇಲ್ಲಿ ಹೇಳಬೇಕೆಂದಿರುವುದು ಅವರ ದೀಪಕ್ಕಿಂತ ಹೆಚ್ಚಾಗಿ ಅವರ ಪೊರಕೆ, ಸುಣ್ಣ, ಕಿಟಕಿ, ಬಚ್ಚಲುಗಳ ವಿಷಯವನ್ನೇ.

ಇವರು 1820ನೆಯ ಇಸವಿ ಮೇ ತಿಂಗಳ 12ನೆಯ ತಾರೀಕಿನಲ್ಲಿ ಇತಾಲ್ಯ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದರು. ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆತಾಯಿಗಳು ಇಂಗ್ಲೆಂಡಿನ ಐಶ್ವರ್ಯವಂತರು. ಅವರಿಗೆ ಎರಡು ದೊಡ್ಡ ಮನೆಗಳೂ ಬಹುಮಂದಿ ಆಳುಗಳೂ ಇದ್ದರು. ತಂದೆಯು ತಾನೇ ಮಗಳಿಗೆ ಅನೇಕ ಭಾಷೆಗಳನ್ನು ಕಲಿಸಿದನು. ಹದಿನೇಳು ವರುಷ ತುಂಬುವುದಕ್ಕೆ ಮುಂಚೆಯೇ, 1837ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಈ ಹುಡುಗಿಯು ನಿಶ್ಚಯವಾಗಿ ತಿಳಿದುಕೊಂಡಳು. ಆದರೆ ಆ ಸೇವೆ ಯಾವುದೆಂಬುದು ತಿಳಿಯಲು ವರುಷಗಳೇ ಹಿಡಿದವು. ರೋಗಿಗಳ ಶುಶ್ರೂಷೆಯೇ ಅದು ಎಂದು ತಿಳಿದ ಮೇಲೆ ಮನೆಯವರು ಒಪ್ಪಲಿಲ್ಲ. ಆ ಕಾಲದ ಆಸ್ಪತ್ರೆಯ ದಾದಿಯರಿಗೆ ಕುಡುಕಿಯರೆಂಬ ಹೆಸರಿತ್ತು. ಮಾನವಂತರ ಮಗಳು ಅಲ್ಲಿಗೆ ಹೋಗುವುದುಂಟೇ?

ಕಡೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್ ಎಂಬ ಊರಿಗೆ ಹೋಗಿ ಸುಮಾರು ಮೂರು ತಿಂಗಳು ಕಲಿತರು. ಅಲ್ಲಿ ಫ್ಲೀಡ್ನರ್ ಎಂಬ ಪ್ರೊಟೆಸ್ಟಂಟ್ ಸಭಾಪಾಲಕರು 1836ರಲ್ಲಿ ಸ್ಥಾಪಿಸಿದ ಸಭಾಸೇವಕಿಯರ ಮನೆಯಿತ್ತು. ಅಲ್ಲಿಯವರ ಭಕ್ತಿಯನ್ನೂ ನಿಷ್ಕಪಟವಾದ ನಡತೆಯನ್ನೂ ಅಮ್ಮನವರು ಜೀವಮಾನವೆಲ್ಲ ಹೊಗಳಿದರು. ಆದರೆ ಆ ಆಸ್ಪತ್ರೆಯಲ್ಲಿ ಶುಚಿತ್ವವು ಬಹಳ ಕಡಿಮೆಯಾಗಿತ್ತೆಂದೂ ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಭಕ್ತಿಯಿದ್ದಲ್ಲಿ ಶುಚಿತ್ವವು ತಾನಾಗಿ ಬಂದುಬಿಡುವುದೆಂದು ನೆನಸುವ ನಮ್ಮಂಥವರು ಈ ಸಂಗತಿಯನ್ನು ಗಮನಿಸತಕ್ಕದ್ದು.

1853ರಲ್ಲಿ ಲಂಡನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಣೆಯು ಇವರಿಗೆ ಸಿಕ್ಕಿತು. ಬಿಸಿನೀರು ಕೊಳವೆಯ ಮೂಲಕ ಪ್ರತಿಯೊಂದು ಅಂತಸ್ತಿಗೂ ಬರಬೇಕು, ರೋಗಿಗಳ ಊಟವು ಅಡಿಗೆಮನೆಯಿಂದ ಯಂತ್ರದಲ್ಲಿ ಮೇಲಕ್ಕೇರಬೇಕು ಎಂದು ಅವರು ಹಟ ಹಿಡಿದರು. ಕಾರಣವೇನೆಂದರೆ, ದಿನವೆಲ್ಲ ಮೆಟ್ಟಲು ಹತ್ತಿ ಇಳಿಯುವ ದಾದಿಗೆ ರೋಗಿಯನ್ನು ನೋಡಲು ವೇಳೆಯೆಲ್ಲಿ?

ಮರುವರುಷ ಇಂಗ್ಲೆಂಡು ರಷ್ಯದೊಡನೆ ಕ್ರಿಮಿಯ ಯುದ್ಧದಲ್ಲಿ ತೊಡಗಿತು. ಗಾಯಾಳುಗಳ ದುರವಸ್ಥೆಯು ಪತ್ರಿಕೆಗಳಲ್ಲಿ ಬಂದಾಗ ಸರಕಾರದವರು ಅಮ್ಮನವರನ್ನು 38 ಮಂದಿ ದಾದಿಯರೊಡನೆ ಕಳುಹಿಸಿದರು. 1854ರ ನವೆಂಬರ್ ಮೊದಲಲ್ಲಿ ಇವರು ಕಾನ್‌ಸ್ಟಾಂಟಿನೋಪಲ್ ಪಟ್ಟಣದ ಎದುರಿಗಿರುವ ಸ್ಕುಟಾರಿಯನ್ನು ಸೇರಿದರು. ಅಲ್ಲಿ ತುರ್ಕಿಯವರ ಒಂದು ಭಾರೀ ದಂಡಿನ ಮನೆಯೇ ಆಸ್ಪತ್ರೆಯಾಗಿತ್ತು. ರೋಗಿಗಳು ಸಾಲುಸಾಲಾಗಿ ಮಲಗಿದ್ದರು. ತೊಳೆಯಲು ಬೋಗುಣಿಯಿಲ್ಲ, ಒರಸಲು ಬಟ್ಟೆಯಿಲ್ಲ. ಇಲಿಗಳಿಗೂ ಹೇನುಗಳಿಗೂ ಮಾತ್ರ ಕೊರತೆಯಿಲ್ಲ. ಅಮ್ಮನವರು ಮೊದಲು ನೆಲ ತಿಕ್ಕುವ ಕುಂಚಗಳನ್ನು ತರಿಸಿದರು. ಒಂದು ಮನೆಯನ್ನು ಹಿಡಿದು ಹಂಡೆಗಳನ್ನು ಹೂಡಿಸಿ, ಸಿಪಾಯಿಗಳ ಹೆಂಡಂದಿರಿಂದ ಬಟ್ಟೆ ಒಗೆಸಿದರು. ರೋಗಿಗಳ ಪಥ್ಯಕ್ಕೆ ಬೇರೆ ಅಡಿಗೆಮನೆಗಳನ್ನು ಏರ್ಪಡಿಸಿ, ಅಂಗಿ ಹಾಸಿಗೆಗಳಿಗೆಲ್ಲ ಲೆಕ್ಕವಿಟ್ಟರು.

ಇಷ್ಟಾದರೂ ಜನರು ಸಾಯುತ್ತಲೇ ಇದ್ದರು. ಈ ಮಾತನ್ನು ಅನೇಕ ಚರಿತ್ರೆಗಾರರು ಬಿಟ್ಟುಬಿಡುತ್ತಾರೆ, ನಾವು ಬಿಡಲಾರೆವು. ಅಮ್ಮನವರೇ ಮುಂದೆ ಪ್ರಕಟಿಸಿದ ಲೆಕ್ಕದ ಪ್ರಕಾರ 1855ರ ಫೆಬ್ರವರಿಯಲ್ಲಿ ಮರಣವು ನೂರಕ್ಕೆ 42ಕ್ಕೂ ಮೇಲೆ ಏರಿತ್ತು. ಸತ್ತವರಲ್ಲಿ ಬಹುಮಂದಿ ಗಾಯದಿಂದಲ್ಲ, ಭೇದಿ ಜ್ವರಗಳಿಂದಲೇ ಸತ್ತರು. ಮಾರ್ಚಿಯಲ್ಲಿ ಸರಕಾರದ ಶುಚಿತ್ವ ಪರೀಕ್ಷಕರು ಬಂದು ಕಟ್ಟಡದ ಬುಡವನ್ನು ನೋಡಿದರು. ಮೇಲೆ ಒಗೆದ ಹಾಸಿಗೆ. ಕೆಳಗೆ ಕಟ್ಟಿಕೊಂಡ ಮೋರಿ! ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆಯೊಂದು ಬಿದ್ದಿತ್ತು. ಮೋರಿಗಳನ್ನು ಬಿಡಿಸಿ ತೊಳೆಸಿದರು, ಕೊಳೆತದ್ದನ್ನು ಹೊತ್ತು ಹಾಕಿಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು, ಗಾಳಿಗೆ ದಾರಿ ಮಾಡಿದರು. ಜೂನ್ ತಿಂಗಳಿಗೆ ಮರಣವು ನೂರಕ್ಕೆ 2ರಷ್ಟಕ್ಕೆ ಇಳಿಯಿತು. ಚಳಿಗಾಲವು ಕಳೆದದ್ದೂ ರೋಗಿಗಳ ಗುಂಪು ಕಡಿಮೆಯಾದದ್ದೂ ಇದಕ್ಕೆ ಸಹಾಯವಾಯಿತೆಂಬುದು ಸತ್ಯ.

ಅಮ್ಮನವರು 1856ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಲೋಕವೆಲ್ಲ ಹೊಗಳುತ್ತಿರಲು ಅವರು ಬಾಗಿಲು ಮುಚ್ಚಿ ಕುಳಿತು, ವಿಲಿಯಂ ಫಾರ್ ಎಂಬ ಲೆಕ್ಕಪಂಡಿತರೊಡನೆ ಸತ್ತವರ ಪಟ್ಟಿಗಳನ್ನು ಒಂದೊಂದಾಗಿ ಕೂಡಿಸಿದರು. ತಮ್ಮ ಕಣ್ಣ ಮುಂದೆ ಸತ್ತವರಲ್ಲಿ ಬಹುಮಂದಿ ಬದುಕಬಹುದಾಗಿತ್ತೆಂದು ಆ ಅಂಕಿಗಳು ತೋರಿಸಿದವು. ಆ ದುಃಖವನ್ನು ಅವರು ಮರೆಯಲಿಲ್ಲ, ಮರೆಸಲೂ ಇಲ್ಲ. ಬಣ್ಣದ ಚಿತ್ರಪಟಗಳಲ್ಲಿ ಬರೆಯಿಸಿ ಮಂತ್ರಿಗಳ ಮುಂದಿಟ್ಟರು.

ಇದಲ್ಲದೆ, 1855ರಲ್ಲಿ ಹತ್ತಿದ ಕ್ರಿಮಿಯದ ಜ್ವರವು ಅವರ ದೇಹವನ್ನು ಮುರಿದಿತ್ತು. ಮುಂದೆ ಅನೇಕ ವರುಷಗಳನ್ನು ಅವರು ಹೆಚ್ಚಾಗಿ ತಮ್ಮ ಕೋಣೆಯಲ್ಲಿಯೇ ಕಳೆದರು. ಆದಕಾರಣ 1859ರಲ್ಲಿ ಅವರು ಬರೆದ ಶುಶ್ರೂಷೆಯ ಪುಸ್ತಕವು ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತವಳದು ಮಾತ್ರವಲ್ಲ, ಹಾಸಿಗೆಯ ಮೇಲೆ ಮಲಗಿದವಳದೂ ಹೌದು. ಅದು ದಾದಿಯರಿಗಿಂತಲೂ ಮನೆ ನಡಿಸುವ ಸಾಧಾರಣ ಸ್ತ್ರೀಯರಿಗಾಗಿ ಬರೆದದ್ದು. 1861ರಲ್ಲಿ ಕೂಲಿಗಾರರ ಮನೆಗಳಿಗಾಗಿ, ಮಗುವನ್ನು ನೋಡಿಕೊಳ್ಳುವ ಒಂದು ಅಧ್ಯಾಯವನ್ನು ಸೇರಿಸಿ, ಅಗ್ಗದ ಪುಸ್ತಕವಾಗಿಯೂ ಅಚ್ಚುಹಾಕಿಸಿದರು.

ಶುದ್ಧವಾದ ಗಾಳಿ, ಶುದ್ಧವಾದ ನೀರು, ಹರಿದುಹೋಗುವ ಬಚ್ಚಲು, ಶುಚಿತ್ವ, ಬೆಳಕು, ಇವು ಐದೂ ಇಲ್ಲದ ಮನೆಯು ಎಷ್ಟು ಅಂದವಾಗಿದ್ದರೂ ಆರೋಗ್ಯದ ಮನೆಯಲ್ಲವೆಂದು ಅವರು ಅದರಲ್ಲಿ ಬೋಧಿಸಿದರು. ರಾತ್ರಿಯ ಗಾಳಿಗೆ ಅಂಜಿ ಕಿಟಕಿಯನ್ನು ಮುಚ್ಚುವುದನ್ನೂ, ಕಿಟಕಿಯ ಮುಂದೆಯೇ ತಿಪ್ಪೆಯನ್ನು ಹಾಕುವುದನ್ನೂ ಖಂಡಿಸಿದರು. ನಮ್ಮ ಸಭೆಗಳಲ್ಲಿ ರೋಗಿಯಿರುವ ಮನೆಗೆ ಪ್ರಾರ್ಥನೆಗೆ ಹೋದಾಗ, ಹತ್ತು ಮಂದಿ ಒಳಗೆ ಕುಳಿತು ಬಾಗಿಲಿಗೆ ಅಡ್ಡವಾಗುವುದು ನೆನಪಿಗೆ ಬರುತ್ತದೆ. ಮತ್ತೊಂದು ಮಾತು: ಆಗಿನ ಸ್ತ್ರೀಯರ ಅಗಲವಾದ ಲಂಗಗಳಿಗೆ ಒಲೆಯ ಬೆಂಕಿ ತಗಲಿ ಎಷ್ಟು ಮಂದಿ ಸಾಯುತ್ತಾರೆಂಬುದನ್ನು ಸರಕಾರವು ಲೆಕ್ಕ ಹಾಕಬೇಕೆಂದು ಕೇಳಿದರು. ಬಟ್ಟೆಯ ಗಂಜಿಗೆ ಪಟಿಕವನ್ನು ಸೇರಿಸಿದರೆ ಅದು ಭಗ್ಗನೆ ಉರಿಯುವುದಿಲ್ಲವೆಂದೂ ತಿಳಿಸಿದರು.

ನಮಗೆ ಎಲ್ಲಕ್ಕಿಂತ ಸೂಕ್ಷ್ಮವಾಗಿ ತೋರುವುದು ಮನೆವಾರ್ತೆಯ ಕ್ರಮವನ್ನು ಕುರಿತ ಅಧ್ಯಾಯ. ಆರೈಕೆ ಮಾಡುವವಳು ಮನೆಯಲ್ಲಿರುವಾಗ ನಡೆಯುವುದೆಲ್ಲ ಅವಳು ಇಲ್ಲದಿರುವಾಗಲೂ ನಡೆಯುವಂತೆ ಮೊದಲೇ ಗೊತ್ತುಮಾಡಿರಬೇಕು. ಇಲ್ಲವಾದರೆ ಅವಳ ಪ್ರೀತಿಯು ರೋಗಿಗೆ ಅರ್ಧ ದಿನಕ್ಕೆ ಮಾತ್ರ ಸಿಕ್ಕುವುದು. ಔಷಧವನ್ನು ಯಾರು ಕೊಡುವರು, ಗಂಜಿಯು ಯಾವಾಗ ಬರುವುದು ಎಂದು ತಿಳಿಯದೆ ಕಾದು ಮಲಗುವ ರೋಗಿಯ ಆತಂಕವು ಅವನ ಶಕ್ತಿಯನ್ನು ಹೀರುತ್ತದೆ ಎಂಬುದೇ ಅದರ ಸಾರ.

ಅಮ್ಮನವರ ವಾದದಲ್ಲಿ ತಪ್ಪೂ ಇತ್ತು. ಕೆಟ್ಟ ಗಾಳಿಯೇ ರೋಗಕ್ಕೆ ಮೂಲವೆಂದು ಅವರು ನಂಬಿದ್ದರು. ರೋಗಾಣುಗಳ ಮಾತನ್ನು ಬಹುಕಾಲ ಒಪ್ಪಲಿಲ್ಲ. ಆದರೂ ಅವರು ಹಿಡಿದ ಪೊರಕೆಯು ರೋಗಾಣುಗಳನ್ನೂ ಗುಡಿಸಿತು. ರೋಗವು ದೇವರ ಚಿತ್ತವೆಂದು ಕೈಕಟ್ಟಿ ಕೂರುವುದನ್ನು ಅವರು ಸಹಿಸಲಿಲ್ಲ. ದೇವರು ಆರೋಗ್ಯಕ್ಕೆ ನಿಯಮಗಳನ್ನಿಟ್ಟಿದ್ದಾನೆ, ಅವನ್ನು ಕಲಿಯುವುದೂ ಆತನ ಸೇವೆಯೇ ಎಂಬುದು ಅವರ ವಿಶ್ವಾಸ. ರೋಗ ತಗಲಿದ ಮನೆಯ ಗೋಡೆಯನ್ನು ಕೆರೆದು ಬೇರೆ ಮಣ್ಣು ಬಳಿಯಬೇಕೆಂಬ ವಿಧಿಯು ಯಾಜಕಕಾಂಡದಲ್ಲಿಯೂ ಇದೆಯಷ್ಟೆ.

1860ರಲ್ಲಿ ಲಂಡನಿನ ಸಂತ ತೋಮನ ಆಸ್ಪತ್ರೆಯಲ್ಲಿ ಅವರ ಹೆಸರಿನ ಶುಶ್ರೂಷಾ ಶಾಲೆಯು ಪ್ರಾರಂಭವಾಯಿತು. ನಮ್ಮ ದೇಶಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿಯ ದಂಡುಗಳ ಆರೋಗ್ಯವನ್ನು ಕುರಿತು 1863ರಲ್ಲಿ ಹೊರಟ ವರದಿಗಾಗಿ ಬಹಳ ದುಡಿದು, ಮುಂದೆ ಹಳ್ಳಿಗಳ ನೀರು ನೈರ್ಮಲ್ಯಗಳಿಗಾಗಿಯೂ ವಾದಿಸಿದರು. 1892ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಬಕಿಂಗ್‌ಹಮ್ ಸೀಮೆಯ ಹಳ್ಳಿಗಳಿಗಾಗಿ ಆರೋಗ್ಯಬೋಧಕಿಯರನ್ನು ಸಿದ್ಧಪಡಿಸಲು ನೆರವಾದರು. ಈ ಸ್ತ್ರೀಯರು ಉಪನ್ಯಾಸ ಮಾಡಿ ಹಿಂದಿರುಗದೆ, ಬಡವರ ಗುಡಿಸಲುಗಳಿಗೆ ಹೋಗಿ, ಆ ಮನೆಯ ತಾಯಿಯ ಜೊತೆಯಲ್ಲಿಯೇ ಅಲ್ಲಿಯ ಕಿಟಕಿ, ಹಾಸಿಗೆ, ಬಚ್ಚಲುಗಳನ್ನು ನೋಡಿ ಕಲಿಸಬೇಕಾಗಿತ್ತು.

ಅಮ್ಮನವರು 1910ನೆಯ ಇಸವಿ ಆಗಸ್ಟ್ 13ರಲ್ಲಿ, 90ನೆಯ ವಯಸ್ಸಿನಲ್ಲಿ, ನಿದ್ರೆಹೋದರು. ಅರಸರನ್ನು ಹೂಣಿಟ್ಟಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡುವೆವೆಂದಾಗ ಬಂಧುಗಳು ಒಪ್ಪದೆ, ಹ್ಯಾಂಪ್‌ಶೈರಿನ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ದೇವಾಲಯದ ಅಂಗಳದಲ್ಲಿ ತಂದೆತಾಯಿಗಳ ಸಮಾಧಿಯಲ್ಲಿಯೇ ಅವರನ್ನು ಹೂಣಿಟ್ಟರು. ಕಲ್ಲಿನ ಮೇಲೆ ಅವರ ಹೆಸರಿನ ಎರಡು ಮೊದಲಕ್ಷರಗಳೂ ಹುಟ್ಟಿದ, ಸತ್ತ ಕಾಲಗಳೂ ಮಾತ್ರ ಕೆತ್ತಿವೆ.