ಪರೇಲಿನಲ್ಲಿ ಬಡ ಗರ್ಭಿಣಿಯರ ಊಟ ವಿಚಾರಿಸಿದ ವೈದ್ಯೆ: ಡಾ. ಲೂಸಿ ವಿಲ್ಸ್

ಮುಂಬಯಿಯ ಪರೇಲ್ ನಮ್ಮ ಹೋಟೆಲ್ ಬಂಧುಗಳಿಗೆ ಅಪರಿಚಿತವಾದ ಸ್ಥಳವಲ್ಲ. ಕೆ.ಇ.ಎಂ. ಆಸ್ಪತ್ರೆಯ ಹಾಗೂ ವಾಡಿಯಾ ಹೆರಿಗೆ ಆಸ್ಪತ್ರೆಯ ಬಾಗಿಲಿಗೆ ಚಹಾ, ಇಡ್ಲಿ ಒಯ್ದು ಜೀವನ ನಡೆಸಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅದೇ ಪರೇಲಿನಲ್ಲಿ, ಹಿಂದೆ ಗವರ್ನರರ ನಿವಾಸವಾಗಿದ್ದ ಕಟ್ಟಡದಲ್ಲಿ, ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾಲಯವಿದೆ. ಪ್ಲೇಗಿನ ಲಸಿಕೆಯಿಂದ ಅದರ ಹೆಸರು ಲೋಕವಿಖ್ಯಾತವಾಯಿತು. ಆದರೆ ಇಂದು ಜಗತ್ತಿನ ಮೂಲೆಮೂಲೆಯ ಗರ್ಭಿಣಿಯರಿಗೆ ಕೊಡಲಾಗುವ ಒಂದು ಪುಟ್ಟ ಮಾತ್ರೆಯ ಕಥೆಯೂ ಅಲ್ಲಿಂದಲೇ ಪ್ರಾರಂಭವಾಯಿತೆಂಬುದು ಬಹು ಜನರಿಗೆ ತಿಳಿಯದು. ಆ ಕಥೆಯ ನಾಯಿಕೆ ಡಾ. ಲೂಸಿ ವಿಲ್ಸ್. ಆಕೆಯ ಜೀವನವನ್ನು ವಾಚಕರ ಮುಂದಿಡಲು ನಮಗೆ ಬೇರೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುವೆವು.

ಲೂಸಿ ವಿಲ್ಸ್ 1888ನೆಯ ಇಸವಿ ಮೇ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಸಮೀಪದ ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಜನಿಸಿದರು. ತಂದೆಯ ಮನೆತನದವರು ಕುಡುಗೋಲು ಮೊದಲಾದ ಹರಿತವಾದ ಸಲಕರಣೆಗಳನ್ನು ತಯಾರಿಸುವ ಉದ್ಯಮಿಗಳು. ತಾಯಿ ಹೆಸರಾಂತ ವೈದ್ಯರೊಬ್ಬರ ಮಗಳು. ಹೆಣ್ಣುಮಕ್ಕಳಿಗೆ ಉಚ್ಚ ಶಿಕ್ಷಣ ದುರ್ಲಭವಾಗಿದ್ದ ಆ ಕಾಲದಲ್ಲಿ ಈ ಕುಟುಂಬವು ಮಗಳನ್ನು ಕೇಂಬ್ರಿಜ್ಜಿನ ನ್ಯೂನ್‌ಹ್ಯಾಮ್ ಕಾಲೇಜಿಗೆ ಕಳುಹಿಸಿತು. ಅಲ್ಲಿ ಆಕೆ ಸಸ್ಯಶಾಸ್ತ್ರವನ್ನೂ ಭೂಗರ್ಭಶಾಸ್ತ್ರವನ್ನೂ ಅಭ್ಯಸಿಸಿ 1911ರಲ್ಲಿ ಪರೀಕ್ಷೆಯನ್ನು ಮುಗಿಸಿದರು. ಪರೀಕ್ಷೆಯಲ್ಲಿ ಉತ್ತೀರ್ಣರಾದರೂ ಪದವಿ ಮಾತ್ರ ದೊರೆಯಲಿಲ್ಲ. ಸ್ತ್ರೀಯರಿಗೆ ಕೇಂಬ್ರಿಜ್ ವಿಶ್ವವಿದ್ಯಾಲಯವು ಪದವಿ ಕೊಡಲಾರಂಭಿಸಿದ್ದು 1948ರಲ್ಲಿ.

ಅದೇ 1911ರಲ್ಲಿ ತಂದೆ ತೀರಿಕೊಂಡರು. 1913ರಲ್ಲಿ ಇಪ್ಪತ್ತಾರು ವಯಸ್ಸಿನ ಸಹೋದರಿ ತೀರಿಕೊಂಡಳು. ಮುಂದಿನ ದಾರಿ ಕಾಣದ ಆ ದಿನಗಳಲ್ಲಿ ಲೂಸಿ ಪ್ರವಾಸ ಕೈಕೊಂಡರು. 1914ರಲ್ಲಿ ಆಕೆ ದಕ್ಷಿಣ ಆಫ್ರಿಕದಲ್ಲಿದ್ದಾಗ ಮೊದಲನೆಯ ಮಹಾಯುದ್ಧವು ಸಿಡಿಯಿತು. ಕೇಪ್‌ಟೌನಿನಲ್ಲಿ ಕೆಲಕಾಲ ಸ್ವಯಂಸೇವಕ ದಾದಿಯಾಗಿ ದುಡಿದರು. ತಾನು ವೈದ್ಯಳಾಗಬೇಕೆಂಬ ನಿಶ್ಚಯ ಈ ಹೊತ್ತಿಗೆ ಗಟ್ಟಿಯಾಗಿತ್ತು. 1915ರಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ವಿದ್ಯಾಲಯವನ್ನು ಸೇರಿ 1920ರಲ್ಲಿ, ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ, ವೈದ್ಯಪದವಿಯನ್ನು ಪಡೆದರು. ವಯಸ್ಸು ಮೀರಿತೆಂದು ಕಲಿಕೆಯನ್ನು ಕೈಬಿಡುವವರು ಇದನ್ನು ಗಮನಿಸಬೇಕು.

ವೈದ್ಯಪದವಿ ಬಂದ ಮೇಲೆ ಆಕೆ ಖಾಸಗಿ ದವಾಖಾನೆ ತೆರೆದು ಹಣ ಗಳಿಸಲು ಹೊರಡಲಿಲ್ಲ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ಗರ್ಭಿಣಿಯರ ದೇಹಸ್ಥಿತಿಯ ಬಗೆಗೆ ಸಂಶೋಧನೆ ನಡೆಸುತ್ತ ಉಳಿದರು. ಹೀಗಿರುವಾಗ 1928ರಲ್ಲಿ ಭಾರತದಿಂದ ಕರೆ ಬಂದಿತು. ಇಲ್ಲಿ ಹೆರಿಗೆಯ ಕಾಲದಲ್ಲಿ ಸಾಯುವ ತಾಯಂದಿರ ಸಂಖ್ಯೆ ಭಯಂಕರವಾಗಿತ್ತು. ಅದರ ಕಾರಣವನ್ನು ಶೋಧಿಸುವ ಕಾರ್ಯದಲ್ಲಿ ತೊಡಗಿದ್ದ ಡಾ. ಮಾರ್ಗರೆಟ್ ಬಾಲ್ಫೋರ್ ಎಂಬ ವೈದ್ಯೆಯು ಡಾ. ವಿಲ್ಸ್ ಅವರನ್ನು ಆಹ್ವಾನಿಸಿದರು. ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಶನ್ನಿನ ಆಶ್ರಯದಲ್ಲಿ, ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿ ಆಕೆಯ ಕೆಲಸ ಪ್ರಾರಂಭವಾಯಿತು.

ಆಗ ಮುಂಬಯಿಯ ಗಿರಣಿ ಕಾರ್ಮಿಕರ ಕೇರಿಗಳಲ್ಲಿ ಒಂದು ವಿಚಿತ್ರವಾದ ರಕ್ತಹೀನತೆಯು ಗರ್ಭಿಣಿಯರನ್ನು ಕಾಡುತ್ತಿತ್ತು. ಮುಖ ಬಿಳಿಚಿಕೊಳ್ಳುವುದು, ನಾಲಿಗೆ ಹುಣ್ಣಾಗುವುದು, ಅನ್ನ ಸೇರದಿರುವುದು, ಎದ್ದು ನಿಂತರೆ ಏದುಸಿರು ಬರುವುದು, ಕೊನೆಗೆ ತಾಯಿ, ಮಗು ಇಬ್ಬರ ಪ್ರಾಣಕ್ಕೂ ಸಂಚಕಾರ ಒದಗುವುದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತದ ಕೆಂಪು ಕಣಗಳ ಸಂಖ್ಯೆ ತೀರ ಕಡಿಮೆ. ಇದ್ದ ಕಣಗಳು ಮಾತ್ರ ಅಸಹಜವಾಗಿ ದೊಡ್ಡವು. ರೋಗಾಣುಗಳ ಸೋಂಕಿನಿಂದ ಹೀಗಾಗುತ್ತಿರಬಹುದೇ ಎಂದು ಆಕೆ ಮೊದಲು ಪರೀಕ್ಷಿಸಿದರು. ಅದಕ್ಕೆ ಆಧಾರ ದೊರೆಯಲಿಲ್ಲ.

ಆಗ ಡಾ. ವಿಲ್ಸ್ ಅವರು ಪ್ರಯೋಗಶಾಲೆಯ ಮೇಜನ್ನು ಬಿಟ್ಟು ಮತ್ತೊಂದು ದಾರಿಯನ್ನು ಹಿಡಿದರು. ಈ ತಾಯಂದಿರು ದಿನವೂ ಏನನ್ನು ಉಣ್ಣುತ್ತಾರೆ, ಎಷ್ಟು ಉಣ್ಣುತ್ತಾರೆ ಎಂಬುದನ್ನು ವಿಚಾರಿಸಿ ಬರೆದಿಡತೊಡಗಿದರು. ಮೆಹತಾ ಮತ್ತು ತಲ್ಪಡೆ ಎಂಬ ಭಾರತೀಯ ಸಹೋದ್ಯೋಗಿಗಳು ಈ ಸಂಶೋಧನೆಯಲ್ಲಿ ಆಕೆಗೆ ಜತೆಯಾದರು. ಬೇರೆ ಬೇರೆ ಸಮಾಜಗಳ, ಬೇರೆ ಬೇರೆ ಆರ್ಥಿಕ ಸ್ಥಿತಿಯ ಸ್ತ್ರೀಯರ ಆಹಾರವನ್ನು ಹೋಲಿಸಿದಾಗ ಸತ್ಯ ಸ್ಪಷ್ಟವಾಯಿತು. ಯಾರ ಊಟವು ಅತ್ಯಂತ ಕಳಪೆಯೋ ಅವರಲ್ಲಿಯೇ ಈ ರೋಗವು ಅತ್ಯಧಿಕ. ಬಡ ಮುಸಲ್ಮಾನ ಸ್ತ್ರೀಯರ ಸ್ಥಿತಿಯು ಎಲ್ಲಕ್ಕಿಂತ ಶೋಚನೀಯವಾಗಿತ್ತು. ದೋಷವು ಜಾತಿಯದಲ್ಲ, ಹಣೆಬರಹದ್ದೂ ಅಲ್ಲ, ತಟ್ಟೆಯದು ಎಂಬುದು ಹೀಗೆ ಗೊತ್ತಾಯಿತು.

1929ರಲ್ಲಿ ಕೆಲವು ತಿಂಗಳು ಆಕೆ ನೀಲಗಿರಿಯ ಕೂನೂರಿನ ಪಾಸ್ತರ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಭಾರತೀಯರ ಆಹಾರದ ಬಗೆಗೆ ಹೆಸರಾಂತ ಸಂಶೋಧನೆ ನಡೆಸಿದ ರಾಬರ್ಟ್ ಮೆಕ್‌ಕ್ಯಾರಿಸನ್ ಅಲ್ಲಿದ್ದರು. 1931ರಲ್ಲಿ ಮದ್ರಾಸಿನ ಕಾಸ್ಟ್ ಅಂಡ್ ಗೋಷಾ ಆಸ್ಪತ್ರೆಯಲ್ಲಿಯೂ ಗರ್ಭಿಣಿಯರನ್ನು ಪರೀಕ್ಷಿಸಿದರು. ಮುಂಬಯಿಯ ಬಡ ಹೆಂಗಸರು ಉಣ್ಣುವಂಥ ಆಹಾರವನ್ನೇ ಇಲಿಗಳಿಗೆ ತಿನ್ನಿಸಿದಾಗ ಗರ್ಭ ಧರಿಸಿದ ಇಲಿಗಳು ರಕ್ತಹೀನವಾಗಿ, ಮರಿ ಹಾಕುವ ಮೊದಲೇ ಸಾಯುತ್ತಿದ್ದವು. ಆಹಾರಕ್ಕೆ ಯೀಸ್ಟ್ ಎಂಬ ಹುದುಗನ್ನು ಬೆರೆಸಿದಾಗ ರೋಗವು ತಡೆಯಲ್ಪಟ್ಟಿತು. ಆದರೆ ಇಲಿಗಳ ಹೇನಿನಿಂದ ಹರಡುವ ಸೋಂಕೊಂದು ನಡುವೆ ಸೇರಿಕೊಂಡು ಫಲಿತಾಂಶವನ್ನು ಕೆಡಿಸಿತ್ತೆಂದು ಅನಂತರ ತಿಳಿಯಿತು. ಆಕೆ ಎದೆಗುಂದದೆ ಕೋತಿಗಳ ಮೇಲೆ ಪ್ರಯೋಗವನ್ನು ಮತ್ತೆ ನಡೆಸಿದರು. ಈ ಸಲ ಸಂದೇಹಕ್ಕೆ ಎಡೆಯುಳಿಯಲಿಲ್ಲ.

ಇಲ್ಲಿ ಮಾರ್ಮೈಟ್ ಎಂಬ ಪದಾರ್ಥದ ವಿಷಯ ಹೇಳಬೇಕು. ಬಿಯರ್ ತಯಾರಿಸುವ ಕಾರಖಾನೆಗಳಲ್ಲಿ ಉಳಿಯುವ ಹುದುಗಿನ ಸಾರದಿಂದ ಮಾಡಿದ, ಕಪ್ಪಗೆ ಅಂಟಂಟಾದ, ಉಪ್ಪುರುಚಿಯ ಲೇಹ್ಯವದು. ಇಂಗ್ಲೆಂಡಿನಲ್ಲಿ ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಅಗ್ಗವಾದುದು; ಮಾಂಸದ ಸೋಂಕಿಲ್ಲದ್ದು. ಅದನ್ನು ಡಾ. ವಿಲ್ಸ್ ಅವರು ರಕ್ತಹೀನ ಗರ್ಭಿಣಿಯರಿಗೆ ಔಷಧವಾಗಿ ಕೊಟ್ಟರು. ಮೂರು ನಾಲ್ಕು ದಿನಗಳಲ್ಲಿಯೇ ರೋಗಿಗಳಿಗೆ ಹಸಿವು ಮರಳತೊಡಗಿತು. ರಕ್ತದಲ್ಲಿ ಹೊಸ ಕಣಗಳು ಕಾಣತೊಡಗಿದವು. ಸಾವಿನ ಬಾಗಿಲಲ್ಲಿದ್ದವರು ಎದ್ದು ಕುಳಿತರು. 1931ರ ಜೂನ್ ತಿಂಗಳಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಈ ಸಂಶೋಧನೆಯು ಪ್ರಕಟವಾಯಿತು.

ಬೇರೊಂದು ಬಗೆಯ ಮಾರಕ ರಕ್ತಹೀನತೆಯು ಯಕೃತ್ತಿನ ಆಹಾರದಿಂದ ಗುಣವಾಗುವುದೆಂಬುದು 1926ರಲ್ಲಿಯೇ ತಿಳಿದಿತ್ತು. ಡಾ. ವಿಲ್ಸ್ ಅವರು ಇನ್ನೂ ಮುಂದೆ ಹೋಗಿ, ಅದಕ್ಕೆ ಕೊಡುವ ಶುದ್ಧೀಕರಿಸಿದ ಯಕೃತ್ಸಾರವು ಈ ತಾಯಂದಿರ ರೋಗಕ್ಕೆ ನಾಟದೆಂದೂ, ಕಚ್ಚಾ ಸಾರ ಮತ್ತು ಹುದುಗು ಮಾತ್ರ ನಾಟುವುವೆಂದೂ ತೋರಿಸಿದರು. ಅಂದರೆ ಇದು ಬೇರೆಯೇ ಒಂದು ಪೋಷಕಾಂಶ. ಹೆಸರಿಲ್ಲದ ಆ ವಸ್ತುವನ್ನು ವಿಜ್ಞಾನಿಗಳು ವಿಲ್ಸ್ ಅಂಶವೆಂದು ಕರೆದರು.

1941ರಲ್ಲಿ ಅಮೆರಿಕದ ಸಂಶೋಧಕರು ರಾಶಿರಾಶಿ ಪಾಲಕ್ ಸೊಪ್ಪಿನಿಂದ ಇಂಥದೊಂದು ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. 1945ರ ಹೊತ್ತಿಗೆ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅದನ್ನು ಕೃತಕವಾಗಿ ತಯಾರಿಸಲಾಯಿತು. ಆ ತಂಡದ ಮುಖ್ಯಸ್ಥರು ನಮ್ಮ ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅಣ್ಣನನ್ನು ಸ್ಪ್ರೂ ಎಂಬ ಉದರವ್ಯಾಧಿಯಿಂದ ಕಳೆದುಕೊಂಡು, 1923ರಲ್ಲಿ ಅಮೆರಿಕ ಸೇರಿ, ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೂಲಿ ಮಾಡಿ ಮೇಲೆ ಬಂದ ಮಹಾನುಭಾವರವರು. ಅದೇ ಸ್ಪ್ರೂ ರೋಗಕ್ಕೆ ಫೋಲಿಕ್ ಆಮ್ಲವು ಮುಂದೆ ಮದ್ದಾಯಿತು. ಪರೇಲಿನಲ್ಲಿ ಒಬ್ಬ ಪರದೇಶಿ ಸ್ತ್ರೀ ಬಿತ್ತಿದ ಬೀಜಕ್ಕೆ ಪರದೇಶದಲ್ಲಿ ಒಬ್ಬ ಭಾರತೀಯ ನೀರೆರೆದಂತಾಯಿತು.

ಡಾ. ವಿಲ್ಸ್ ಅವರು 1933ರಲ್ಲಿ ಲಂಡನ್ನಿಗೆ ಮರಳಿದರು. 1937-38ರಲ್ಲಿ ವಿಮಾನದಲ್ಲಿ ಬಂದು ಹಾಫ್ಕಿನ್ ಸಂಸ್ಥೆಯಲ್ಲಿ ಮತ್ತೊಮ್ಮೆ ಕೆಲವು ವಾರ ದುಡಿದರು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಸುರಿಯುತ್ತಿದ್ದಾಗಲೂ ಪ್ರಯೋಗಶಾಲೆಯ ಕೆಲಸವನ್ನು ನಡೆಸಿದರು. 1947ರಲ್ಲಿ ನಿವೃತ್ತರಾದ ಬಳಿಕವೂ ಸುಮ್ಮನೆ ಕೂಡದೆ ಜಮೈಕಾ, ಫಿಜಿ, ದಕ್ಷಿಣ ಆಫ್ರಿಕಗಳಿಗೆ ಹೋಗಿ ಪೋಷಣೆ ಹಾಗೂ ರಕ್ತಹೀನತೆಯ ಅಧ್ಯಯನ ಮಾಡಿದರು. ಆಕೆ ವಿವಾಹವಾಗಲಿಲ್ಲ. ಪರ್ವತಾರೋಹಣ ಆಕೆಗೆ ಪ್ರಿಯ. ಕೆಲಸಕ್ಕೆ ಹೋಗುತ್ತಿದ್ದುದು ಸೈಕಲ್ಲಿನ ಮೇಲೆ. ಕೊನೆಯ ವರುಷಗಳಲ್ಲಿ ಲೇಬರ್ ಪಕ್ಷದ ಪರವಾಗಿ ಚೆಲ್ಸಿಯ ನಗರಸಭೆಯ ಸದಸ್ಯೆಯಾಗಿದ್ದರು. 1964ರ ಏಪ್ರಿಲ್ 16ರಂದು ದೇಹ ಬಿಟ್ಟರು.

ಆಕೆಯ ಶೋಧದ ಪೂರ್ಣ ಮಹತ್ವ ತಿಳಿದದ್ದು ಆಕೆಯ ನಿಧನಾನಂತರ. ಮಗುವಿನ ಮೆದುಳು ಮತ್ತು ಬೆನ್ನುಹುರಿಗಳಾಗಿ ಬೆಳೆಯುವ ನಾಳವು ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಸ್ತ್ರೀಯರಿಗೆ ತಾವು ಗರ್ಭಿಣಿಯರೆಂದು ಆಗ ತಿಳಿದೇ ಇರುವುದಿಲ್ಲ. ಅದು ಸರಿಯಾಗಿ ಮುಚ್ಚದಿದ್ದರೆ ಮಗುವಿಗೆ ಜನ್ಮದಿಂದಲೇ ಘೋರವಾದ ಊನವುಂಟಾಗುವುದು. ಹಿಂದೆ ಅಂಥ ಮಗು ಹುಟ್ಟಿದ್ದ ತಾಯಂದಿರಿಗೆ ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಮ್ಲವನ್ನು ಕೊಟ್ಟರೆ ಆ ಊನವು ಮರುಕಳಿಸುವ ಸಂಭವ ಸುಮಾರು ಮುಕ್ಕಾಲು ಪಾಲು ತಗ್ಗುವುದೆಂದು 1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅನೇಕ ದೇಶಗಳಲ್ಲಿ ನಡೆಸಿದ ಪರೀಕ್ಷೆಯಿಂದ ಸಿದ್ಧವಾಯಿತು.

ಈಗ ನಾವು ಆರಂಭದಲ್ಲಿ ಹೇಳಿದ ಕಾರಣಕ್ಕೆ ಬರುವೆವು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ದಿನವೂ ನೂರಾರು ಜನರಿಗೆ ಊಟ ಬಡಿಸಿದವರು. ನಮ್ಮ ಮನೆಯವರು ಮೊದಲ ಹೆರಿಗೆಗೆ ಊರಿನಲ್ಲಿದ್ದರು. ತಿಂಗಳು ತಿಂಗಳು ತಪ್ಪದೆ ಹಣ ಕಳುಹಿಸುತ್ತಿದ್ದೆವು. ಅದರಿಂದ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆವು. ಆಕೆ ಏನು ಉಣ್ಣುತ್ತಿದ್ದಾಳೆಂದು ಒಂದು ದಿನವಾದರೂ ವಿಚಾರಿಸಲಿಲ್ಲ. ಎಲ್ಲರ ಊಟವಾದ ಮೇಲೆ ಉಳಿದ ಗಂಜಿ, ಉಪ್ಪಿನಕಾಯಿ, ಮೇಲೊಂದು ಲೋಟ ಚಹಾ: ಇಷ್ಟೇ ಆಕೆಯ ಆಹಾರವಾಗಿತ್ತು. ಏಳನೆಯ ತಿಂಗಳಲ್ಲಿ ಪರೀಕ್ಷಿಸಿದಾಗ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಮಗು ದಿನ ತುಂಬುವ ಮೊದಲೇ, ಅಂಗೈಯಷ್ಟಾಗಿ ಹುಟ್ಟಿತು. ದೇವರ ದಯೆಯಿಂದ ಇಬ್ಬರೂ ಉಳಿದರು. ಆದರೆ ಪರದೇಶದಿಂದ ಬಂದ ಒಬ್ಬ ವೈದ್ಯೆ ಪರರ ಹೆಂಡಿರನ್ನು ಕೇಳಿದ ಪ್ರಶ್ನೆಯನ್ನು ನಾವು ನಮ್ಮ ಹೆಂಡತಿಯನ್ನು ಕೇಳಲಿಲ್ಲವೆಂಬ ನಾಚಿಕೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿ, ಆರು ತಿಂಗಳಿಂದ ಐದು ವರುಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಂದಿ ರಕ್ತಹೀನರು. ಕಬ್ಬಿಣದ ಕೊರತೆಯು ಇದರ ಪ್ರಮುಖ ಕಾರಣಗಳಲ್ಲೊಂದು; ಫೋಲಿಕ್ ಆಮ್ಲದ ಹಾಗೂ ಬಿ12 ಜೀವಸತ್ವದ ಕೊರತೆಗಳೂ ಸೇರಿರುತ್ತವೆ. ಆದ್ದರಿಂದ ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆ ಪಡೆಯುವುದು ಅವಶ್ಯ. ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವುಳ್ಳ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಮೊದಲ ಮೂರು ತಿಂಗಳಿಗೆ, ಸಾಧ್ಯವಾದರೆ ಗರ್ಭ ನಿಲ್ಲುವ ಮೊದಲಿನಿಂದಲೇ, ಫೋಲಿಕ್ ಆಮ್ಲದ ಮಾತ್ರೆ ಬೇರೆಯಿದೆ.

ಮಾತ್ರೆಯೊಂದಿಗೆ ಊಟವೂ ಸುಧಾರಿಸಬೇಕು. ಹರಿವೆ, ಪಾಲಕ್, ನುಗ್ಗೆಸೊಪ್ಪು, ಹೆಸರುಕಾಳು, ಅಲಸಂದೆ, ಕಡಲೆ, ನೆಲಗಡಲೆ, ಮೊಟ್ಟೆ ಇವು ಬಡವರ ಕೈಗೂ ಎಟಕುವಂಥವು. ಫೋಲಿಕ್ ಅಂಶವು ನೀರಿನಲ್ಲಿ ಕರಗುವಂಥದು, ಅತಿ ಬೇಯಿಸಿದರೆ ನಾಶವಾಗುವಂಥದು. ನಮ್ಮ ಹೋಟೆಲಿನಲ್ಲಿ ಪಾಲಕ್ ಬೇಯಿಸಿದ ನೀರನ್ನು ಬಕೆಟ್ಟುಗಟ್ಟಲೆ ಮೋರಿಗೆ ಚೆಲ್ಲುತ್ತಿದ್ದುದು ಈಗ ನೆನಪಾಗುತ್ತದೆ. ಸೊಪ್ಪನ್ನು ಸ್ವಲ್ಪವೇ ಬೇಯಿಸಿ, ಆ ನೀರನ್ನು ಸಾರಿಗೆ ಬಳಸಬೇಕು. ಊಟಕ್ಕೆ ಲಿಂಬೆಹುಳಿ ಹಿಂಡಿದರೆ ಕಬ್ಬಿಣವು ಮೈಗೆ ಹತ್ತುವುದು. ಊಟದೊಡನೆ ಚಹಾ ಕುಡಿದರೆ ಹತ್ತದು. ಚಹಾ ಮಾರಿ ಬದುಕಿದ ನಾವು ಇದನ್ನು ಹೇಳುವುದು ವಿಚಿತ್ರವೆನಿಸಿದರೂ ಸತ್ಯವೇ ಸರಿ. ಬಾಣಂತಿಗೆ ಪಥ್ಯವೆಂದು ಸೊಪ್ಪುತರಕಾರಿಗಳನ್ನೇ ನಿಲ್ಲಿಸುವ ರೂಢಿಯನ್ನು ಬಿಡಬೇಕು. ಮಗುವಿಗೆ ಹುಟ್ಟಿದ ಒಂದು ತಾಸಿನೊಳಗೆ ಮೊದಲ ಹಳದಿ ಹಾಲು, ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ, ಅನಂತರ ತಾಯಿಯ ಹಾಲಿನೊಡನೆ ರಾಗಿ ಮಣ್ಣಿ, ಬೇಳೆಯೊಡನೆ ಕಿವುಚಿದ ಅನ್ನ, ಸೊಪ್ಪು, ಮೊಟ್ಟೆ ಸಿಗಬೇಕು.

ವಾಚಕ ಬಂಧುಗಳೇ, ನಿಮ್ಮಲ್ಲಿ ಅನೇಕರ ಸಂಸಾರವು ದೂರದ ಊರಿನಲ್ಲಿದೆ. ಇಂದು ರಾತ್ರಿ ಪಾಳಿ ಮುಗಿದ ಮೇಲೆ ಮನೆಗೆ ಫೋನು ಮಾಡುವಾಗ, ಹಣ ಮುಟ್ಟಿತೇ ಎಂದು ಕೇಳುವ ಮೊದಲು, ಊಟಕ್ಕೆ ಏನಿತ್ತು ಎಂದು ಕೇಳಿರಿ. ಉತ್ತರವನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿರಿ. ಡಾ. ಲೂಸಿ ವಿಲ್ಸ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.