ಅಲೆಕ್ಸಿನಾ ಎಂಬ ಅಬೆಲ್

ಹರ್ಕ್ಯುಲೀನ್ ಬಾರ್ಬಿನ್ 1838ರ ನವೆಂಬರ್ 8ರಂದು ಪಶ್ಚಿಮ ಫ್ರಾನ್ಸಿನ ಚಿಕ್ಕ ಪಟ್ಟಣವೊಂದರಲ್ಲಿ ಜನಿಸಿದರು. ಹೆಣ್ಣುಮಗುವೆಂದೇ ದಾಖಲೆಯಾಯಿತು. ಅಲೆಕ್ಸಿನಾ ಎಂಬ ಕರೆಯುವ ಹೆಸರಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರ ನಡುವೆ ಬೆಳೆದು, ಬಾಲಿಕೆಯರ ಶಾಲೆಯೊಂದರ ಉಪಾಧ್ಯಾಯಿನಿಯಾದರು. ಅಲ್ಲಿ ಜೊತೆಯ ಉಪಾಧ್ಯಾಯಿನಿಯ ಮೇಲೆ ಪ್ರೇಮ ಮೂಡಿತು. ದೇಹದ ಬೇನೆ, ಮನಸ್ಸಿನ ತೊಳಲಾಟ ಎರಡೂ ಮಿತಿಮೀರಿದಾಗ ಲಾ ರೋಷೆಲ್ಲಿನ ಬಿಷಪ್ಪರಲ್ಲಿ ಎಲ್ಲವನ್ನೂ ನಿವೇದಿಸಿಕೊಂಡರು. ವೈದ್ಯ ಶೆಸ್ನೆ ಪರೀಕ್ಷಿಸಿ, ಹೆಣ್ಣುಗಂಡುಗಳ ಲಕ್ಷಣಗಳೆರಡೂ ಬೆರೆತಿದ್ದ ಆ ದೇಹವನ್ನು ಗಂಡೆಂದು ನಿರ್ಣಯಿಸಿದರು. 1860ರಲ್ಲಿ ನ್ಯಾಯಾಲಯ ಜನನದಾಖಲೆಯನ್ನು ತಿದ್ದಿತು. ಅಲೆಕ್ಸಿನಾ ಅಬೆಲ್ ಆದರು. ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂಬುದೊಂದೇ ಎಲ್ಲರ ಚಿಂತೆ. ಕೂತವರು ಹೇಗೆ ಬಾಳಬೇಕೆಂಬುದು ಯಾರ ಹೊಣೆಯೂ ಆಗಲಿಲ್ಲ.

ಶಾಲೆ ಹೋಯಿತು, ಪ್ರೇಮವೂ ಹೋಯಿತು. ಪ್ಯಾರಿಸಿನ ಬಡತನದಲ್ಲಿ ಬರೆದ ಆತ್ಮಕಥೆಯಲ್ಲಿ ಅವರು ತಮ್ಮನ್ನು ಒಮ್ಮೆ ಸ್ತ್ರೀಲಿಂಗದಲ್ಲಿ, ಒಮ್ಮೆ ಪುಲ್ಲಿಂಗದಲ್ಲಿ ಹೇಳಿಕೊಂಡಿದ್ದಾರೆ. (ಕನ್ನಡದ ‘ಅವರು’ ಈ ಲೇಖಕನನ್ನು ಆ ಇಕ್ಕಟ್ಟಿನಿಂದ ಪಾರುಮಾಡಿದೆ.) 1868ರ ಫೆಬ್ರವರಿಯಲ್ಲಿ, ಮೂವತ್ತು ತುಂಬುವ ಮೊದಲೇ, ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ವೈದ್ಯ ತಾರ್ದ್ಯೂ ಭಾಗಶಃ ಅಚ್ಚು ಮಾಡಿಸಿದ್ದ ಆ ಬರಹವನ್ನು 1978ರಲ್ಲಿ ಮಿಶೆಲ್ ಫೂಕೊ ಮರಳಿ ಬೆಳಕಿಗೆ ತಂದರು. ಇಂಥ ದೇಹದೊಡನೆ ಹುಟ್ಟಿದ ಶಿಶುವನ್ನು ತುರ್ತು ಕಾರಣವಿಲ್ಲದೆ, ಅದರ ಸಮ್ಮತಿಗೆ ಕಾಯದೆ, ಶಸ್ತ್ರಚಿಕಿತ್ಸೆಯಿಂದ ಗಂಡಾಗಿಯೋ ಹೆಣ್ಣಾಗಿಯೋ ತಿದ್ದಕೂಡದೆಂದು ಮಾಲ್ಟಾ ದೇಶ ಕಾನೂನು ಮಾಡಿದ್ದು 2015ರಲ್ಲಿ.