ಗೆಂಡುನ್ ಚೋಪೆಲ್: ಸ್ವಂತ ಸರ್ಕಾರವೇ ಜೈಲಿಗಟ್ಟಿದ ಇತಿಹಾಸಕಾರ

ಪಿರಿಯಾಪಟ್ಟಣ ದಾಟಿ ಕುಶಾಲನಗರದ ಕಡೆ ಹೊರಟರೆ, ಕಾವೇರಿ ಸೇತುವೆಗೂ ಮೊದಲು ಕೊಪ್ಪ ಸಿಗುತ್ತದೆ. ಗೋಲ್ಡನ್ ಟೆಂಪಲ್ ನೋಡೋಕೆ ನಾವೆಲ್ಲ ಇಲ್ಲೇ ತಿರುಗೋದು. ಪಕ್ಕದ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿಯನ್ ನಿರಾಶ್ರಿತರು ಬದುಕು ಕಟ್ಟಿಕೊಂಡಿದ್ದಾರೆ. ಫೋಟೋ ತೆಗೆದುಕೊಂಡು ವಾಪಸಾಗುವ ನಮ್ಮಲ್ಲಿ ಹೆಚ್ಚಿನವರಿಗೆ ಅವರ ದೊಡ್ಡ ಲೇಖಕ ಗೆಂಡುನ್ ಚೋಪೆಲ್ ಹೆಸರೇ ಗೊತ್ತಿಲ್ಲ.

ಚೋಪೆಲ್ ಹುಟ್ಟಿದ್ದು 1903ರಲ್ಲಿ, ಈಶಾನ್ಯ ಟಿಬೆಟ್‌ನ ಅಮ್ದೋದಲ್ಲಿ. ಓದಿದ್ದು ಲಾಸಾದ ಡ್ರೆಪುಂಗ್ ಮಠದಲ್ಲಿ. ದೇಶ ಬಿಟ್ಟು ಬಂದ ಭಿಕ್ಷುಗಳು ಆ ಮಠವನ್ನು ಮತ್ತೆ ಕಟ್ಟಿದ್ದು ನಮ್ಮ ಮುಂಡಗೋಡಿನಲ್ಲಿ. 1934ರಲ್ಲಿ ರಾಹುಲ ಸಾಂಕೃತ್ಯಾಯನರ ಜೊತೆ ಟಿಬೆಟ್‌ನ ಮಠಗಳಲ್ಲಿ ಸಂಸ್ಕೃತ ಹಸ್ತಪ್ರತಿ ಹುಡುಕಿದ ಚೋಪೆಲ್, ಅವರೊಂದಿಗೇ ಭಾರತಕ್ಕೆ ಬಂದ. ಸುಮಾರು 12 ವರ್ಷ ಭಾರತ, ಶ್ರೀಲಂಕಾ ಸುತ್ತಿದ. ಧಮ್ಮಪದವನ್ನು ಪಾಳಿಯಿಂದ ಟಿಬೆಟಿಯನ್‌ಗೆ ತಂದ. 1938ರಲ್ಲಿ ಕಾಲಿಂಪಾಂಗ್‌ನ ಟಿಬೆಟಿಯನ್ ಪತ್ರಿಕೆಯಲ್ಲಿ ಭೂಮಿ ದುಂಡಗಿದೆ ಎಂದು ಬರೆದ. ಅದನ್ನು ಒಪ್ಪದ ಸಂಪ್ರದಾಯಸ್ಥರನ್ನು ಗೇಲಿ ಮಾಡಿದ.

ಆತನ ದೊಡ್ಡ ಕೆಲಸ ‘ಶ್ವೇತ ವೃತ್ತಾಂತ’. ಅಲ್ಲಿಯವರೆಗೆ ಟಿಬೆಟ್‌ನ ಇತಿಹಾಸ ಅಂದರೆ ಬಹುತೇಕ ಧರ್ಮದ ಕಥೆ. ಚೋಪೆಲ್ ದುನ್‌ಹುವಾಂಗ್ ಗುಹೆಗಳಲ್ಲಿ ಸಿಕ್ಕ ಹಳೇ ದಾಖಲೆಗಳನ್ನು ಓದಿ, ಟಿಬೆಟ್ ಒಂದು ಕಾಲಕ್ಕೆ ಸ್ವತಂತ್ರ ಸಾಮ್ರಾಜ್ಯವಾಗಿತ್ತು ಎಂದು ಆಧಾರಸಮೇತ ಬರೆಯತೊಡಗಿದ.

1946ರಲ್ಲಿ ಲಾಸಾಕ್ಕೆ ಮರಳಿದ್ದ ಆತನನ್ನು ಬಂಧಿಸಿದ್ದು ಚೀನಾ ಅಲ್ಲ, ಟಿಬೆಟ್‌ನ ಸರ್ಕಾರವೇ. ಹೊರಿಸಿದ ಆರೋಪ ಖೋಟಾನೋಟಿನದು. ಆದರೆ ಕಾಲಿಂಪಾಂಗ್‌ನಲ್ಲಿ ಸುಧಾರಣಾವಾದಿಗಳ ಜೊತೆ ಆತನಿಗಿದ್ದ ನಂಟು ಆಳುವವರ ಕಣ್ಣು ಕುಕ್ಕಿತ್ತು. ಕಾಗದಪತ್ರಗಳನ್ನೂ ಕಿತ್ತುಕೊಂಡರು. ಸುಮಾರು ಮೂರು ವರ್ಷದ ಸೆರೆವಾಸ ಮನುಷ್ಯನನ್ನು ಜರ್ಜರಿತಗೊಳಿಸಿತು. ಪುಸ್ತಕ ಅರ್ಧಕ್ಕೇ ನಿಂತಿತು.

1950ರ ಅಕ್ಟೋಬರ್‌ನಲ್ಲಿ ಚೀನಾ ಸೇನೆ ಟಿಬೆಟ್‌ನೊಳಗೆ ನುಗ್ಗಿತು. 1951ರ ಸೆಪ್ಟೆಂಬರ್‌ನಲ್ಲಿ ಲಾಸಾ ತಲುಪಿತು. ಮರುತಿಂಗಳೇ ಚೋಪೆಲ್ ತೀರಿಕೊಂಡ. ವಯಸ್ಸು 48.

ದೇಶವೇ ಕೈತಪ್ಪಿದಾಗ, ನಾವು ಯಾರು ಎಂದು ಜಗತ್ತಿಗೆ ಹೇಳಲು ಟಿಬೆಟಿಯನ್ನರಿಗೆ ಬೇಕಾಗಿದ್ದು ಇದೇ ಕೈದಿ ಬರೆದಿಟ್ಟಂಥ ಇತಿಹಾಸ. ಆತನನ್ನು ಸೆರೆಗೆ ತಳ್ಳಿದವರೂ ಸಂಸ್ಕೃತಿ ಕಾಯುತ್ತಿದ್ದೇವೆ ಅಂತಲೇ ನಂಬಿದ್ದರು. ನಾಡು, ನುಡಿ, ಧರ್ಮದ ಬಗ್ಗೆ ಪ್ರಶ್ನೆ ಎತ್ತಿದವರಿಗೆ ದ್ರೋಹಿ ಪಟ್ಟ ಕಟ್ಟೋದು ನಮಗೂ ಹೊಸತಲ್ಲ. ಹಾಗೆ ಬಾಯಿ ಮುಚ್ಚಿಸಿದವರಲ್ಲಿ ನಮಗೆ ನಾಳೆ ಬೇಕಾಗುವ ಚೋಪೆಲ್ ಎಷ್ಟು ಜನ ಇದ್ದಾರೋ! ಮುಂದಿನ ಸಲ ಕೊಪ್ಪದಲ್ಲಿ ತಿರುಗುವಾಗ ಇದನ್ನೂ ಯೋಚಿಸೋಣ.